ಕಿತ್ತಳೆ, ಹಸಿರು, ಸುಣ್ಣ

ಮುಂಜಾನೆ ಐದಕ್ಕ ನೀರು ಹೊಡೀತೀನಿ.
ಎರಂಡವಣೆಯ ಈ ಕ್ಲಬ್ಬಿನಾಗ ಎರಡು ಅಂಗಳ ಮಣ್ಣಿನವು,
ಉಳಿದವು ಸಿಮೆಂಟಿನವು.
ಸಿಮೆಂಟು ಏನೂ ನೆನಪಿಟ್ಟುಕೊಳ್ಳೂದಿಲ್ಲ.
ಮಣ್ಣು ಹಂಗಲ್ಲ,
ಯಾರ ಹೆಜ್ಜಿ ಎಲ್ಲಿ ಜಾರಿತು, ಯಾರ ಚೆಂಡು ಎಲ್ಲಿ ಬಿತ್ತು,
ಕಿರಾಣಿ ಅಂಗಡಿಯ ಉದ್ರಿ ವಹಿ ಹಂಗ
ಸಂಜೀ ತನಕ ಹಿಡಕೊಂಡು ಕುಂತಿರತೈತಿ.

ಪಾಲೇಕರ ಸರ್ ಹತ್ರ ಹಾಳಿ ಐತಿ.
ಹಾಳ್ಯಾಗ ಮಕ್ಕಳ ಹೆಸರು, ಹೆಸರಿನ ಮುಂದ ಬಣ್ಣ:
ಸಣ್ಣವರಿಗೆ ಕೆಂಪು ಚೆಂಡು, ಹಣ್ಣಾದ ಟೊಮ್ಯಾಟೊ ಹಂಗ ಮೆತ್ತಗ;
ಆಮ್ಯಾಲ ಕಿತ್ತಳೆ; ಆಮ್ಯಾಲ ಹಸಿರು ಚುಕ್ಕಿ;
ಕಡೀಕ ಹಳದಿ, ದೊಡ್ಡವರದು, ಬಡದರ ಹಲ್ಲು ಮುರಿಯೂದು.
ರವಿವಾರದ ಲೀಗಿನಾಗ ತಂಡಕ್ಕ ಪ್ರತಿ ಬಣ್ಣದಾಗ ಇಬ್ಬರು ಬೇಕು.
ನನ್ನ ಹತ್ರ ಹಾಳಿ ಇಲ್ಲ.
ಜಾಳಿಗಿ ಎಳೆಯೂ ಮುಂಚೆ ಒಂದು ಸುತ್ತು ಹಾಕತೀನಿ, ಅಷ್ಟ.

ಕಿತ್ತಳೆ ಹುಡುಗರ ಚೆಂಡು ನಡು ಅಂಗಳಕ್ಕ ಬಿದ್ದು
ಕೋಳಿ ಕೆದರಿದಂಗ ಒಂದ ಕಡೆ ರಾಶಿ.
ಓವಿ ಖರಾತಳದು ಹಿಂದಿನ ಗೆರೀಗೆ ಒಂದು ಗೇಣು,
ಎಡಕ್ಕೊಂದು, ಬಲಕ್ಕೊಂದು.
ಹಾಳ್ಯಾಗ ಅಕಿ ಇನ್ನೂ ಕಿತ್ತಳೆ.
"ಈ ವರ್ಷ ಇಲ್ಲೇ ಇರಲಿ, ಕಪ್ ನಮ್ದ," ಅಂದಿದ್ರು ಸರ್
ಮರಾಠ್ಯಾಗ, ನನಗ ತಿಳಿಯೂದಿಲ್ಲ ಅನ್ನೂವಂಗ.
ಜತ್ತದಾಂವಗ ಮರಾಠಿ ತಿಳಿಯೂದಿಲ್ಲಂತ!

ಓವಿಗೆ ಕಪ್ಪು ಗಿಪ್ಪು ಬೇಕಾಗಿರಲಿಲ್ಲ.
ಬೇಕಾದಾಕಿ ಜಿನಲ್ ಓಸ್ವಾಲ್,
ಡಬಲ್ಸಿನ ಜೋಡಿ, ಒಂದ ಡಬ್ಬಿ ಖಾಖ್ರಾ, ಒಂದ ಬಾಟ್ಲಿ ನೀರು,
ಸರ್ವ್ ಮಾಡೂ ಮುಂಚೆ ಕಿವ್ಯಾಗ ಏನೋ ಅಂದು ಬಿದ್ದು ಬಿದ್ದು ನಗೂದು.
ಜಿನಲ್ ಖರೇನ ಕಿತ್ತಳೆ. ಅದರಾಗ ತಪ್ಪೇನಿಲ್ಲ.

ಒಂದು ಶನಿವಾರ ಲೀಗಿನವರು ಬಂದ್ರು, ಮಟ್ಟ ನೋಡಾಕ.
ಕುರ್ಚಿ ಹಾಕಿದೆ, ಚಾ ತಂದೆ.
ಮೇಡಮ್ಮರ ಕೈಯಾಗ ಫಾರ್ಮು, ಪೆನ್ನಿನ ತುದಿ ಹಲ್ಲಾಗ.
ಜಿನಲ್‌ಗೆ ಎದುರು ಓವಿ.
ಅಯ್ಯ, ಏನ ಆಡಿದಳ್ರೀ ಅವತ್ತು!
ನೆಟ್ಟಿಗೆ ಹೊಡೀತಾಳ, ಆಕಾಶಕ್ಕ ಹೊಡೀತಾಳ,
ಬರೂ ಚೆಂಡಿಗೆ ದಾರಿ ಬಿಟ್ಟು ನಿಲ್ತಾಳ, ಮದುವ್ಯಾಗ ಬೀಗರಿಗೆ ಬಿಟ್ಟಂಗ.
ಒಂದ ಚೆಂಡಿಗೆ ಮಾತ್ರ ಕೈ ಮರೀತು,
ತೋಳು ತಾನ ತಿರುಗಿತು,
ಟಪ್ಪಂತ ಹಿಂದಿನ ಗೆರಿ ಮ್ಯಾಲ.

ಜಿನಲ್ ಬೆರಳೆತ್ತಿದಳು: "ಔಟ್."

ಮೇಡಮ್ಮರು ಪೆನ್ನು ತಗದರು.
"ಕಾಕಾ, ಗುರುತು ನೋಡ್ರಿ."

ಹನ್ನೊಂದು ವರ್ಷದಾಗ ಮೊದಲನೇ ಸಲ ನನ್ನ ಕೇಳಿದ್ದು.
ಪಗಾರದ ವಹಿಯಾಗ ನನ್ನ ಹೆಸರಿನ ಮುಂದನೂ ಒಂದು ಮಟ್ಟ ಐತಿ,
'ಅಕುಶಲ' ಅಂತ, ನೀಲಿ ಶಾಯಿ,
ತಿಂಗಳಾ ತಿಂಗಳಾ ಅದರ ಕೆಳಗ ನನ್ನ ಸಹಿ.

ಮಣಕಾಲೂರಿ ನೋಡಿದೆ. ಅರ್ಧ ಮಣ್ಣು, ಅರ್ಧ ಸುಣ್ಣ.
ನಸುಕಿನ್ಯಾಗ ದಾರ ಕಟ್ಟಿ ನಾನ ಎಳೆದ ಗೆರಿ.
ಚೆಂಡಿಗೂ ಬೆಳ್ಳಗ ಹತ್ತಿತ್ತು,
ಕದ್ದು ಹಾಲು ಕುಡದ ಬೆಕ್ಕಿನ ಮೀಸಿ ಹಂಗ.
ಸರ್ ಕೆಮ್ಮಿದರು.
ಜಿನಲ್ ತನ್ನ ಬೂಟಿನ ಲಾಡಿ ನೋಡಾಕತ್ತಿದ್ದಳು.
ಬೆರಳು ಇನ್ನೂ ಮ್ಯಾಲನ ಇತ್ತು, ಇಳಿಸೂದು ಮರತಿದ್ದಳು.
ಪಾಯಿಂಟಿಗಂತ ಎತ್ತಿದ ಬೆರಳಲ್ಲ ಅದು. ನನಗ ಗೊತ್ತಿತ್ತು.

"ಒಳಗ ಐತ್ರಿ," ಅಂದೆ, ಕನ್ನಡದಾಗ. ಬಾಯಿಗೆ ಅದ ಬಂತು.
ಅಂಗೈ ನೆಲಕ್ಕ ಮಾಡಿ ತೋರಿಸಿದೆ.

ಓವಿ ಈಗ ಎರಡನೇ ಅಂಗಳದಾಗ, ಹಸಿರು.
ಬಹಳ ಸೋಲ್ತಾಳ. ಗುರುತು ಮಾತ್ರ ಗೆರೀಗೆ ನಾಕ ಬೆರಳು.
ಕಪ್ ಖಡಕಿಯ ತಂಡಕ್ಕ ಹೋತು.
ಸರ್ ನನಗ ಚಾ ಹೇಳೂದು ಬಿಟ್ಟಾರ.
ಜಿನಲ್ ಮೂರು ವಾರ ಮಾತಾಡಲಿಲ್ಲ.

ನಿನ್ನೆ ಸಂಜೀಕ ಬಂದು, ಕೇಳದನ,
ಜಾಳಿಗಿಯ ಒಂದು ತುದಿ ಹಿಡಿದಳು.
ಅರ್ಧ ಅಂಗಳ ಎಳೆದ ಮ್ಯಾಲ,
"ಕಾಕಾ, ನಿಮ್ಮದು ಯಾವ ಬಣ್ಣ?"

ಕೈ ತೋರಿಸಿದೆ.
ಮೊಣಕೈ ತನಕ ಮಣ್ಣು, ಉಗುರ ಸಂದ್ಯಾಗ ಸುಣ್ಣ.

"ಕೆಂಪು. ಅಂದ್ರ ನನಗಿಂತ ಸಣ್ಣವರು," ಅಂದಳು.
ಆಮ್ಯಾಲ ಸೊಟ್ಟ ಎಳೀತೀರಿ ಅಂತ ಬೈದಳು.